ಮಕ್ಕಳು ಪಾಠದೊಳಗೆ ಇದ್ದಾರಾ? ತರಗತಿಯ ತೊಡಗುವಿಕೆಯನ್ನು ನೋಡುವ, ಅಳೆಯುವ ಬಗೆ

ಇಂಡಿ, ಜಮಖಂಡಿ, ಅಥಣಿ ಕಡೆಯ ಶಿಕ್ಷಕರು, ಬಿ.ಎಡ್. ಓದುವವರು ನನ್ನನ್ನು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ. "ಸರ್, ಮಕ್ಕಳ ತೊಡಗುವಿಕೆ ಚೆನ್ನಾಗಿದೆ ಅಂತ ವರದಿಯಲ್ಲಿ ಬರೀತೀವಿ. ಆದರೆ ಅದನ್ನು ಅಳೆಯೋದು ಹೇಗೆ?" ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ನಾನು ಬಾಗಲಕೋಟೆ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಗಣಿತ ಕಲಿಸಿದವನು. ಆಮೇಲೆ ಸಿಆರ್‌ಪಿ ಆಗಿ, ಅಂದರೆ ಒಂದು ಕ್ಲಸ್ಟರಿನ ಶಾಲೆಗಳಿಗೆ ಹೋಗಿ ಶಿಕ್ಷಕರ ಜೊತೆ ಕೆಲಸ ಮಾಡುವ ಸಂಪನ್ಮೂಲ ವ್ಯಕ್ತಿಯಾಗಿ, ಬಹಳಷ್ಟು ಪಾಠಗಳನ್ನು ಹಿಂದಿನ ಸಾಲಿನಲ್ಲಿ ಕುಳಿತು ನೋಡಿದ್ದೇನೆ. ಮುಂದೆ ನಿಂತು ಕಲಿಸುವಾಗ ಕಾಣದ ಎಷ್ಟೋ ಸಂಗತಿ ಹಿಂದೆ ಕುಳಿತಾಗ ಕಾಣುತ್ತದೆ.

"ತಿಳೀತಾ?" ಎಂದು ಕೇಳಿದರೆ ನಮ್ಮ ಕಡೆ ಇಡೀ ತರಗತಿ ಒಂದೇ ದನಿಯಲ್ಲಿ "ತಿಳೀತ್ರಿ ಸರ" ಅನ್ನುತ್ತದೆ. ಆ ದನಿಯಿಂದ ನಮಗೆ ಏನೂ ಗೊತ್ತಾಗುವುದಿಲ್ಲ. ಸದ್ದಿಲ್ಲದ ತರಗತಿಯೂ ಹಾಗೆಯೇ. ಕೈ ಕಟ್ಟಿ ಕುಳಿತ ಮಗು ಪಾಠದೊಳಗೆ ಇರಬಹುದು, ಊರ ಹೊರಗಿನ ಹೊಲದಲ್ಲೂ ಇರಬಹುದು. ಹಾಗಾಗಿ ಅಂದಾಜು ಬಿಟ್ಟು ಸ್ವಲ್ಪ ಎಣಿಸಬೇಕು, ಸ್ವಲ್ಪ ಕೇಳಬೇಕು.

ಏನೇನು ಬೇಕು?

ಒಂದು ನೋಟ್‌ಬುಕ್, ಪೆನ್ಸಿಲ್, ಗಡಿಯಾರ ಅಥವಾ ಮೊಬೈಲ್. ಅಂಗೈಯಷ್ಟು ಅಗಲದ ಖಾಲಿ ಚೀಟಿಗಳು, ಮಗುವಿಗೆ ಒಂದರಂತೆ. ಒಂದು ಹಿಡಿ ಹುಣಸೆ ಬೀಜ. ಇವೆಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ತರಗತಿಯಲ್ಲಿ ಬಂದು ಕೂರುವ ಒಬ್ಬ ಸಹೋದ್ಯೋಗಿ. ನೀವು ಅವರ ಪಾಠ ನೋಡಿ, ಅವರು ನಿಮ್ಮ ಪಾಠ ನೋಡಲಿ. ಮೇಲಧಿಕಾರಿ ಬಂದು ನೋಡುವುದಕ್ಕಿಂತ ಇದು ಎಷ್ಟೋ ಮೇಲು. ಅಧಿಕಾರಿ ಬಂದ ದಿನ ಮಕ್ಕಳೂ ಬೇರೆ, ನಾವೂ ಬೇರೆ ಅಲ್ವಾ?

ಹಂತ 1: ತೊಡಗುವಿಕೆ ಅಂದರೆ ಏನು ಅಂತ ಬಿಡಿಸಿಕೊಳ್ಳಿ

2004ರಲ್ಲಿ ಫ್ರೆಡ್ರಿಕ್ಸ್, ಬ್ಲೂಮೆನ್‌ಫೆಲ್ಡ್ ಮತ್ತು ಪ್ಯಾರಿಸ್ ಎಂಬ ಮೂವರು ಅಮೆರಿಕದ ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಓದಿ ತೊಡಗುವಿಕೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು. ಇವತ್ತಿಗೂ ಹೆಚ್ಚಿನವರು ಅದನ್ನೇ ಬಳಸುತ್ತಾರೆ.

ಮೊದಲನೆಯದು ನಡವಳಿಕೆಯ ತೊಡಗುವಿಕೆ. ಮಗು ಶಾಲೆಗೆ ಬರುತ್ತದೆ, ಪುಸ್ತಕ ತೆಗೆಯುತ್ತದೆ, ಹೇಳಿದ ಕೆಲಸ ಮಾಡುತ್ತದೆ. ಇದು ಕಣ್ಣಿಗೆ ಕಾಣುತ್ತದೆ. ಎರಡನೆಯದು ಭಾವನೆಯ ತೊಡಗುವಿಕೆ: ಈ ತರಗತಿ ನನ್ನದು ಅನ್ನಿಸುವುದು, ಪಾಠದ ಬಗ್ಗೆ ಖುಷಿಯೋ ಹೆದರಿಕೆಯೋ ಇರುವುದು. ಮೂರನೆಯದು ಆಲೋಚನೆಯ ತೊಡಗುವಿಕೆ. ಕಷ್ಟದ ಲೆಕ್ಕ ಬಂದಾಗ ಬಿಡದೆ ಬೇರೆ ದಾರಿ ಹುಡುಕುವುದು, "ಯಾಕೆ ಹೀಗೆ?" ಎಂದು ಒಳಗೆ ಕೇಳಿಕೊಳ್ಳುವುದು.

ಮೊದಲನೆಯದನ್ನು ನೋಡಬಹುದು. ಎರಡನೆಯದನ್ನು ಕೇಳಿ ತಿಳಿಯಬೇಕು. ಮೂರನೆಯದನ್ನು ಮಗುವಿನ ಕೆಲಸದಲ್ಲಿ ಹುಡುಕಬೇಕು. ಒಂದೇ ಸಾಧನದಿಂದ ಮೂರನ್ನೂ ಅಳೆಯಲು ಹೋದರೆ ತಪ್ಪುತ್ತೇವೆ. ಬೋರ್ಡ್ ಮೇಲಿನ ಉತ್ತರವನ್ನು ದುಂಡಗಿನ ಅಕ್ಷರದಲ್ಲಿ ನಕಲು ಮಾಡುವ ಮಗು ನೋಡುವವರ ಲೆಕ್ಕದಲ್ಲಿ ಪೂರ್ತಿ ತೊಡಗಿದೆ. ಅದರ ತಲೆ ಮಾತ್ರ ಅಲ್ಲಿ ಇಲ್ಲದಿರಬಹುದು.

ಹಂತ 2: ಒಂದು ತರಗತಿ, ಒಂದು ವಿಷಯ, ಒಂದು ಅವಧಿ

ಇಡೀ ಶಾಲೆಯನ್ನು ಅಳೆಯಲು ಹೋಗಬೇಡಿ. ನಿಮಗೆ ನಿಜವಾಗಿ ಕಾಡುತ್ತಿರುವ ಒಂದು ತರಗತಿ ಆರಿಸಿ. ಉದಾಹರಣೆಗೆ, 7ನೇ ತರಗತಿ, ಗಣಿತ, ಊಟದ ನಂತರದ ಅವಧಿ.

ದಿನ ಆರಿಸುವಾಗ ಊರಿನ ಕ್ಯಾಲೆಂಡರ್ ನೋಡಿ. ಸವದತ್ತಿ ಸುತ್ತಮುತ್ತ ಯಲ್ಲಮ್ಮನ ಜಾತ್ರೆಯ ವಾರ, ವಿಜಯಪುರದಲ್ಲಿ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ದಿನಗಳು ಇದಕ್ಕೆ ಆಗಿಬರುವುದಿಲ್ಲ. ಕಬ್ಬು ಕಡಿಯಲು ಕುಟುಂಬಗಳು ಹೊರಟ ಹೊತ್ತಿನಲ್ಲಿ ಅಳೆದರೆ ಉಳಿದ ಮಕ್ಕಳ ಚಿತ್ರ ಮಾತ್ರ ಸಿಗುತ್ತದೆ. ಅಂಥ ದಿನ ಅಳೆಯಲೇಬೇಕಾದರೆ ಹಾಜರಿ ಎಷ್ಟಿತ್ತು ಅಂತ ಪಕ್ಕದಲ್ಲಿ ಬರೆಯಿರಿ. ಯಾವ ಅವಧಿ, ಎಷ್ಟು ಸೆಕೆ, ಕರೆಂಟ್ ಇತ್ತೋ ಇಲ್ಲವೋ, ಇಷ್ಟು ಬರೆದಿಟ್ಟರೆ ಸಾಕು. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಕೆಳಗೆ ಕುಳಿತ ಮಕ್ಕಳನ್ನು ಜುಲೈ ಬೆಳಗಿನ ಮಕ್ಕಳ ಜೊತೆ ಹೋಲಿಸಬಾರದು.

ಹಂತ 3: "ತೊಡಗಿದೆ" ಅಂದರೆ ಯಾವುದು ಅಂತ ಮೊದಲೇ ಬರೆಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ಪಾಠ ನೋಡುತ್ತಾ ನೋಡುತ್ತಾ ನಿರ್ಧರಿಸಿದರೆ ಒಬ್ಬರ ಕಣ್ಣಿಗೆ ತೊಡಗಿದ ಮಗು ಇನ್ನೊಬ್ಬರ ಕಣ್ಣಿಗೆ ಗಲಾಟೆ ಮಾಡುವ ಮಗು. ಮೂರು ಗುರುತು ಇಟ್ಟುಕೊಳ್ಳಿ:

ತೊ – ಕೊಟ್ಟ ಕೆಲಸದಲ್ಲಿ ತೊಡಗಿದೆ. ಬರೆಯುತ್ತಿದೆ, ಓದುತ್ತಿದೆ, ಪಾಠದ ಬಗ್ಗೆ ಮಾತಾಡುತ್ತಿದೆ, ಮಾತಾಡುವವರ ಕಡೆ ನೋಡುತ್ತಿದೆ.
ಸು – ಸುಮ್ಮನೆ ಕುಳಿತಿದೆ. ಯಾರಿಗೂ ತೊಂದರೆ ಇಲ್ಲ, ಕೆಲಸವೂ ಇಲ್ಲ.
ಬೇ – ಬೇರೆ ಏನೋ ಮಾಡುತ್ತಿದೆ.

"ಸು" ಗುರುತನ್ನು ದಯವಿಟ್ಟು ಬಿಡಬೇಡಿ. ಗಲಾಟೆ ಮಾಡುವ ಮಗುವಿಗೆ ನಮ್ಮಿಂದ ಬೈಗುಳವಾದರೂ ಸಿಗುತ್ತದೆ. ಸುಮ್ಮನೆ ಕುಳಿತ ಮಗುವಿನ ಹತ್ತಿರ ವರ್ಷಗಟ್ಟಲೆ ಯಾರೂ ಹೋಗುವುದಿಲ್ಲ. ಈ ಇಡೀ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಆ ಮಕ್ಕಳ ಎಣಿಕೆ.

ಪಿಸುಮಾತನ್ನು "ಬೇ" ಎಂದು ಬರೆಯುವ ಮುಂಚೆ ಕಿವಿ ಕೊಟ್ಟು ಕೇಳಿ. ತಾಂಡಾದಿಂದ ಬಂದ ಹುಡುಗಿ ಪಕ್ಕದವಳಿಗೆ ಲಂಬಾಣಿಯಲ್ಲಿ ಲೆಕ್ಕ ಬಿಡಿಸಿ ಹೇಳುತ್ತಿರಬಹುದು. ಬೆಳಗಾವಿ, ನಿಪ್ಪಾಣಿ, ಖಾನಾಪುರ ಕಡೆ ಇಬ್ಬರು ಹುಡುಗರು ಮರಾಠಿಯಲ್ಲಿ ಅದೇ ಪ್ರಶ್ನೆಯನ್ನು ಚರ್ಚಿಸುತ್ತಿರಬಹುದು. ಅದು ಒಳ್ಳೆಯ ತೊಡಗುವಿಕೆ. ಭಾಷೆ ಗೊತ್ತಾಗದಿದ್ದರೆ ಅವರ ನೋಟ್‌ಬುಕ್ ಎಲ್ಲಿ ತೆರೆದಿದೆ ಅಂತ ನೋಡಿ.

ಹಾಗೆಯೇ, ಮುಖ ನೋಡದ ಮಗು ಕೇಳುತ್ತಿಲ್ಲ ಅಂತ ತೀರ್ಮಾನ ಮಾಡಬೇಡಿ. ಕೆಲವು ಮಕ್ಕಳು ಕೈಯಲ್ಲಿ ಏನಾದರೂ ಆಡಿಸುತ್ತಲೇ ಚೆನ್ನಾಗಿ ಕೇಳುತ್ತಾರೆ. ಇನ್ನು ಕೆಲವರಿಗೆ ಬೋರ್ಡ್ ಕಾಣುವುದಿಲ್ಲ ಅಥವಾ ಕಿವಿ ಸರಿಯಾಗಿ ಕೇಳುವುದಿಲ್ಲ. ಒಂದೇ ಮಗು ಪ್ರತಿ ಸಲ "ಸು" ಆದರೆ ಮೊದಲು ಕಣ್ಣು, ಕಿವಿ ತೋರಿಸಿ. ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ಆ ಹೆಸರು ಕೊಡಿ. ನಿದ್ದೆ ಮಾಡುವ ಮಗುವಿನ ಮನೆಯ ವಿಷಯವನ್ನೂ ಮೆಲ್ಲಗೆ ಕೇಳಿ. ರಬಕವಿ-ಬನಹಟ್ಟಿ, ಗುಳೇದಗುಡ್ಡ ಕಡೆ ಮನೆಯಲ್ಲಿ ಮಗ್ಗ ಇರುವ ಮಗು ರಾತ್ರಿ ನೇಯುವ ನೂಲಿನ ಕಂಡಿಕೆ ಸುತ್ತಿ ಬಂದಿರಬಹುದು.

ಹಂತ 4: ಐದು ನಿಮಿಷಕ್ಕೊಂದು ಸುತ್ತು

ಮಕ್ಕಳು ಕೂರುವ ಜಾಗದ ನಕ್ಷೆ ಬರೆಯಿರಿ. ಹೆಸರು ಬೇಡ, ಒಂದೊಂದು ಚೌಕಕ್ಕೆ ಸಂಖ್ಯೆ ಸಾಕು. ನೋಡುವವರು ಪಕ್ಕದ ಗೋಡೆಯ ಹತ್ತಿರ ಕೂರಲಿ. ಹಿಂದೆ ಕುಳಿತರೆ ಮಕ್ಕಳ ಬೆನ್ನು ಕಾಣುತ್ತದೆ, ಕೈ ಕಾಣುವುದಿಲ್ಲ. ನಾನೇ ಎಷ್ಟೋ ದಿನ ಆ ತಪ್ಪು ಮಾಡಿದ್ದೇನೆ.

ಅವಧಿ 40 ನಿಮಿಷ ಇದ್ದರೆ 5ನೇ ನಿಮಿಷಕ್ಕೆ ಮೊದಲ ಸುತ್ತು. ಆಮೇಲೆ 10, 15, 20, 25, 30, 35. ಒಟ್ಟು 7 ಸುತ್ತು. ಪ್ರತಿ ಸುತ್ತಿನಲ್ಲಿ ಒಂದೇ ಕ್ರಮದಲ್ಲಿ ಒಂದೊಂದು ಮಗುವನ್ನು ಎರಡು ಮೂರು ಸೆಕೆಂಡ್ ನೋಡಿ, ಕಂಡದ್ದನ್ನು ಗುರುತು ಮಾಡಿ, ಮುಂದೆ ಹೋಗಿ. "ಪಾಪ, ಈಗಷ್ಟೇ ಬರೀತಿದ್ದ" ಎಂದು ಹಿಂದಕ್ಕೆ ಹೋಗಿ ತಿದ್ದಬೇಡಿ. 36 ಮಕ್ಕಳಿದ್ದರೆ ಒಂದು ಸುತ್ತಿಗೆ ಸುಮಾರು ಒಂದೂವರೆ ನಿಮಿಷ ಬೇಕು. ಆ ಹೊತ್ತಿನಲ್ಲಿ ಶಿಕ್ಷಕರು ಏನು ಮಾಡುತ್ತಿದ್ದರು ಎಂಬುದನ್ನೂ ಒಂದು ಪದದಲ್ಲಿ ಬರೆಯಿರಿ: ವಿವರಣೆ, ಪ್ರಶ್ನೆ, ಗುಂಪು ಕೆಲಸ, ಬರೆಯುವ ಕೆಲಸ.

ಲೆಕ್ಕ ಹೀಗೆ. ಸಂಖ್ಯೆಗಳು ಉದಾಹರಣೆಗೆ ಮಾತ್ರ. ಹಾಜರಿದ್ದವರು 36, ಸುತ್ತು 7, ಅಂದರೆ ಒಟ್ಟು ಗುರುತು 252. ಅದರಲ್ಲಿ ತೊ 164, ಸು 63, ಬೇ 25. 164ನ್ನು 252ರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇ. 65. ಸು ಶೇ. 25, ಬೇ ಸುಮಾರು ಶೇ. 10. ದಾಖಲಾತಿ ಸಂಖ್ಯೆಯಿಂದ ಭಾಗಿಸಬೇಡಿ, ಹಾಜರಿದ್ದವರ ಲೆಕ್ಕ ಹಿಡಿಯಿರಿ.

ಒಟ್ಟು ಸಂಖ್ಯೆ ಸಿಕ್ಕಿತು ಅಂತ ನಿಲ್ಲಬೇಡಿ. ಸಾಲಿನ ಪ್ರಕಾರ ಒಡೆಯಿರಿ. ಈ 36 ಮಕ್ಕಳು ಆರಾರರಂತೆ ಆರು ಸಾಲಿನಲ್ಲಿ ಕುಳಿತಿದ್ದರು ಅನ್ನಿ. ಮುಂದಿನ ಎರಡು ಸಾಲಿನ 84 ಗುರುತುಗಳಲ್ಲಿ 72 "ತೊ", ಅಂದರೆ ಶೇ. 86. ನಡುವಿನ ಎರಡು ಸಾಲಿನಲ್ಲಿ 56, ಶೇ. 67. ಹಿಂದಿನ ಎರಡು ಸಾಲಿನಲ್ಲಿ 36, ಶೇ. 43. ಶೇ. 65 ಎಂಬ ಒಂದೇ ಸಂಖ್ಯೆಯ ಹಿಂದೆ ಎರಡು ಬೇರೆ ಬೇರೆ ತರಗತಿಗಳೇ ಇದ್ದವು. ಆಮೇಲೆ ಸುತ್ತಿನ ಪ್ರಕಾರವೂ ನೋಡಿ. ವಿವರಣೆಯ ಹೊತ್ತಿನಲ್ಲಿ ಇಳಿದದ್ದು ಬರೆಯುವ ಕೆಲಸ ಕೊಟ್ಟಾಗ ಏರಿತೇ?

ಇಲ್ಲಿ ಮೂರು ಎಚ್ಚರಿಕೆ ಹೇಳಲೇಬೇಕು.

ಹೊಸಬರು ಬಂದು ಕುಳಿತರೆ ಮಕ್ಕಳು ಮೊದಲ ದಿನ ಅತಿ ಶಿಸ್ತಿನಿಂದ ಇರುತ್ತಾರೆ. ಹಾಗಾಗಿ ಮೊದಲ ಎರಡು ದಿನದ ಗುರುತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸುಮ್ನೆ ಅಭ್ಯಾಸ ಅಂತ ಬಿಡಿ.

ಆ ಅಭ್ಯಾಸದ ದಿನ ಇಬ್ಬರು ಕೂತು ಒಂದೇ ಸುತ್ತನ್ನು ಒಬ್ಬರದನ್ನು ಒಬ್ಬರು ನೋಡದೆ ಗುರುತು ಮಾಡಿ. 36ರಲ್ಲಿ 29 ಗುರುತು ಹೊಂದಿದರೆ ಶೇ. 80ಕ್ಕಿಂತ ಸ್ವಲ್ಪ ಮೇಲೆ. ಅಷ್ಟು ಬಂದರೆ ಮುಂದುವರಿಯಿರಿ. ಕಡಿಮೆ ಬಂದರೆ ಹಂತ 3ಕ್ಕೆ ಹೋಗಿ ಗುರುತುಗಳ ಅರ್ಥವನ್ನು ಮತ್ತೆ ಬಿಡಿಸಿ ಬರೆಯಿರಿ.

ಇನ್ನು, ಇಬ್ಬರೇ ಶಿಕ್ಷಕರಿರುವ ಶಾಲೆಯವರು "ನಮಗೆ ಯಾರು ಬಂದು ಕೂರ್ತಾರೆ?" ಅಂತ ಕೇಳುತ್ತಾರೆ. ನ್ಯಾಯದ ಪ್ರಶ್ನೆ. ಕಲಿಸುತ್ತಾ ಸುತ್ತು ಹಾಕಲು ಆಗುವುದಿಲ್ಲ. ಮಕ್ಕಳು ಬರೆಯುವ ಕೆಲಸದಲ್ಲಿರುವಾಗ ಎರಡು ಸುತ್ತು ನೀವೇ ಹಾಕಿ. ಅದು ಬರೆಯುವ ಹೊತ್ತಿನ ಅಳತೆ ಮಾತ್ರ ಎಂದು ಪಕ್ಕದಲ್ಲಿ ಬರೆದಿಡಿ. ಮೊಬೈಲಿನಲ್ಲಿ ಮಕ್ಕಳ ವಿಡಿಯೋ ಮಾಡಿ ಆಮೇಲೆ ಎಣಿಸುವ ಯೋಚನೆ ಬೇಡ. ಪಾಲಕರ ಒಪ್ಪಿಗೆ ಇಲ್ಲದ ಮಕ್ಕಳ ಚಿತ್ರ ನಮ್ಮ ಫೋನಿನಲ್ಲಿ ಇರಬಾರದು.

ಕಿರಿಯ ಮಕ್ಕಳು ಗುಂಪುಗಳಲ್ಲಿ ಚಟುವಟಿಕೆ ಮಾಡುತ್ತಾ ಕಲಿಯುವ ನಲಿ-ಕಲಿ ತರಗತಿಯವರಿಗೆ ಒಂದು ಮಾತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯಲ್ಲಿ ಸಾಲುಗಳಿಲ್ಲ, ಐದು ತಟ್ಟೆಗಳಿವೆ. ತಟ್ಟೆ ಅಂದರೆ ಮಕ್ಕಳು ಕೂರುವ ಗುಂಪು: ಪೂರ್ತಿ ಶಿಕ್ಷಕರ ನೆರವಿನ ಗುಂಪಿನಿಂದ ಹಿಡಿದು ಸ್ವಂತ ಕಲಿಕೆಯ ಗುಂಪಿನವರೆಗೆ. ಅಲ್ಲಿ ತಟ್ಟೆಯ ಪ್ರಕಾರ ಎಣಿಸಿ. ನೀವು ಕೂರದ ತಟ್ಟೆಗಳಲ್ಲಿ ಏನಾಗುತ್ತಿದೆ ಎಂಬುದೇ ಅಲ್ಲಿನ ಮುಖ್ಯ ಪ್ರಶ್ನೆ.

ಹಂತ 5: ಮಾತು ಯಾರದು, ಕಾಯುವುದು ಎಷ್ಟು?

ಹುಣಸೆ ಬೀಜ ಬೇಕಾಗುವುದು ಇಲ್ಲಿ. ಎಡ ಜೇಬಿನಲ್ಲಿ 20 ಬೀಜ ಹಾಕಿಕೊಳ್ಳಿ. ಹಿಂದಿನ ಎರಡು ಸಾಲಿನ ಮಗುವೊಂದು ಪಾಠದ ಬಗ್ಗೆ ಒಂಟಿಯಾಗಿ ಮಾತಾಡಿದಾಗಲೆಲ್ಲ ಒಂದು ಬೀಜ ಬಲ ಜೇಬಿಗೆ ಹೋಗಲಿ. ಜೇಬಿಲ್ಲದವರು ಮೇಜಿನ ಮೇಲೆ ಎರಡು ಬಟ್ಟಲು ಇಟ್ಟುಕೊಳ್ಳಿ. ಎಲ್ಲರೂ ಒಟ್ಟಿಗೆ ಕೂಗಿದ ಉತ್ತರಕ್ಕೆ ಬೀಜ ಇಲ್ಲ. ಅವಧಿ ಮುಗಿದಾಗ ಎಣಿಸಿ. ಎಷ್ಟೋ ಶಿಕ್ಷಕರಿಗೆ ಬಲ ಜೇಬಿನಲ್ಲಿ ಎರಡೋ ಮೂರೋ ಸಿಗುತ್ತವೆ. ಮಗು ತಾನಾಗಿ ಪ್ರಶ್ನೆ ಕೇಳಿದರೆ ಅದನ್ನು ಬೇರೆಯಾಗಿ ಬರೆದಿಡಿ. ಅದಕ್ಕೆ ಬೆಲೆ ಜಾಸ್ತಿ.

ಎರಡನೆಯ ಅಳತೆ ಕಾಯುವ ಹೊತ್ತು. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ನಾವು ಎಷ್ಟು ಸೆಕೆಂಡ್ ತಡೆಯುತ್ತೇವೆ? ಅಮೆರಿಕದ ಮೇರಿ ಬಡ್ ರೋವ್ ಎಂಬ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನ ಪಾಠಗಳ ಧ್ವನಿ ಮುದ್ರಣಗಳನ್ನು ಕೇಳಿ ಅಳೆದಾಗ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡ್ ಅಥವಾ ಹೆಚ್ಚು ಮಾಡಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ತೆರೆದರು. ನಿಮ್ಮ ಫೋನನ್ನು ಮೇಜಿನ ಮೇಲಿಟ್ಟು ಹತ್ತು ನಿಮಿಷ ನಿಮ್ಮ ದನಿ ಮುದ್ರಿಸಿ, ಮನೆಗೆ ಹೋಗಿ ಕೇಳಿ, ಹತ್ತು ಪ್ರಶ್ನೆಗಳಿಗೆ ಎಷ್ಟು ಕಾದಿರಿ ಅಂತ ಬರೆಯಿರಿ. ಕೇಳಿದ ಮೇಲೆ ಅದನ್ನು ಅಳಿಸಿಬಿಡಿ. ಕನ್ನಡ ಮನೆಮಾತಲ್ಲದ ಮಗುವಿಗೆ ಪ್ರಶ್ನೆಯನ್ನು ಒಳಗೇ ತಿರುಗಿಸಿಕೊಳ್ಳಲು ಇನ್ನೂ ಸ್ವಲ್ಪ ಹೊತ್ತು ಬೇಕು.

ಬಿ.ಎಡ್.ನಲ್ಲಿ ಫ್ಲಾಂಡರ್ಸ್ ಪದ್ಧತಿ ಓದಿದವರು ಅದನ್ನು ಬಳಸಬಹುದಾ ಅಂತ ಕೇಳುತ್ತಾರೆ. ಅದು ಪ್ರತಿ 3 ಸೆಕೆಂಡಿಗೆ ತರಗತಿಯ ಮಾತನ್ನು 10 ವಿಭಾಗಗಳಲ್ಲಿ ಗುರುತು ಮಾಡುವ ವಿಧಾನ. 7 ವಿಭಾಗ ಶಿಕ್ಷಕರ ಮಾತಿಗೆ, 2 ಮಕ್ಕಳ ಮಾತಿಗೆ, 1 ಮೌನ ಅಥವಾ ಗೊಂದಲಕ್ಕೆ. ಯಾರು ಎಷ್ಟು ಮಾತಾಡಿದರು ಎಂದು ತಿಳಿಯಲು ಒಳ್ಳೆಯದು. ಆದರೆ ಬಾಯಿ ಮುಚ್ಚಿ ಲೆಕ್ಕ ಬಿಡಿಸುವ ಮಗುವೂ ನಿದ್ದೆ ಹೋದ ಮಗುವೂ ಅದರಲ್ಲಿ ಒಂದೇ. ತೊಡಗುವಿಕೆಗೆ ಅದೊಂದನ್ನೇ ನಂಬಬೇಡಿ.

ಹಂತ 6: ಹೊರಡುವ ಮುಂಚೆ ಒಂದು ಚೀಟಿ

ತಲೆಯೊಳಗಿನ ತೊಡಗುವಿಕೆಗೆ ನನಗೆ ಗೊತ್ತಿರುವ ಅತಿ ಸುಲಭದ ಸಾಧನ ಇದು. ಅವಧಿ ಮುಗಿಯಲು 5 ನಿಮಿಷ ಇರುವಾಗ ಚೀಟಿ ಹಂಚಿ ಒಂದೇ ಪ್ರಶ್ನೆ ಕೊಡಿ. "ಯಾಕೆ" ಎಂಬ ಭಾಗ ಅದರಲ್ಲಿ ಇರಲೇಬೇಕು. ಭಿನ್ನರಾಶಿ ಪಾಠವಾದರೆ: "ಒಂದು ರೊಟ್ಟಿಯ 1/3 ದೊಡ್ಡದೋ 1/4 ದೊಡ್ಡದೋ? ಯಾಕೆ?" ಚಿತ್ರ ಬರೆದು ತೋರಿಸಿದರೂ ಸರಿ, ಮನೆಮಾತಿನಲ್ಲಿ ಬರೆದರೂ ಸರಿ.

ಸಂಜೆ ಚೀಟಿಗಳನ್ನು ಮೂರು ಗುಡ್ಡೆ ಮಾಡಿ. ತನ್ನದೇ ಮಾತಿನಲ್ಲಿ ಅಥವಾ ಚಿತ್ರದಲ್ಲಿ ಕಾರಣ ಕೊಟ್ಟವರು. ಉತ್ತರ ಸರಿ, ಕಾರಣ ಇಲ್ಲದವರು ಅಥವಾ ಪುಸ್ತಕದ ವಾಕ್ಯ ಬರೆದವರು. ತಪ್ಪಾದವರು, ಖಾಲಿ ಬಿಟ್ಟವರು. 36ರಲ್ಲಿ 11, 14, 11 ಬಂದರೆ ನಡುವಿನ ಗುಡ್ಡೆಯನ್ನು ಗಮನಿಸಿ. ಆ 14 ಮಕ್ಕಳು ಪರೀಕ್ಷೆಯಲ್ಲಿ ಅಂಕ ತೆಗೆಯುತ್ತಾರೆ, ಹಾಗಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮೊದಲ ಸಲ ಚೀಟಿ ಕೊಟ್ಟ ದಿನ ನನ್ನ ತರಗತಿಯಲ್ಲಿ ಕಾರಣ ಬರೆದವರು ಬೆರಳೆಣಿಕೆಯಷ್ಟು. ಅದೇ ಪಾಠ ಚೆನ್ನಾಗಿ ಹೋಯಿತು ಎಂದು ನಾನು ಬೆಳಿಗ್ಗೆ ನಂಬಿದ್ದೆ.

ನಕಲು ತಡೆಯಲು ಬೈಯಬೇಕಿಲ್ಲ. ಒಂದು ಸಾಲಿಗೆ 1/3, 1/4 ಕೊಟ್ಟರೆ ಪಕ್ಕದ ಸಾಲಿಗೆ 1/5, 1/6 ಕೊಡಿ. ಚೀಟಿಗೆ ಅಂಕ ಹಾಕಬೇಡಿ, ಎಫ್‌ಎ ಲೆಕ್ಕಕ್ಕೆ, ಅಂದರೆ ವರ್ಷದ ನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನಕ್ಕೆ ಸೇರಿಸಲೂ ಬೇಡಿ. ಅಂಕ ಬಂತು ಅಂದರೆ ಮಗು ತನಗೆ ಅನ್ನಿಸಿದ್ದನ್ನು ಬರೆಯುವುದಿಲ್ಲ, ನಿಮಗೆ ಬೇಕಾದ್ದನ್ನು ಬರೆಯುತ್ತದೆ.

ಹಂತ 7: ಮಕ್ಕಳನ್ನೇ ಕೇಳಿ

ಐದು ವಾಕ್ಯ ಸಾಕು. ಪ್ರತಿಯೊಂದಕ್ಕೂ ಮೂರು ಆಯ್ಕೆ: ಯಾವಾಗಲೂ, ಕೆಲವೊಮ್ಮೆ, ಇಲ್ಲ. ಚಿಕ್ಕ ಮಕ್ಕಳಿಗೆ ನಗುವ, ಸುಮ್ಮನಿರುವ, ಅಳುವ ಮುಖ ಬರೆದುಕೊಡಿ. ಸೆಮಿನಾರಿನಲ್ಲಿ ಇದನ್ನು ಲಿಕರ್ಟ್ ಮಾಪನ ಅನ್ನುತ್ತಾರೆ. 1932ರಲ್ಲಿ ರೆನ್ಸಿಸ್ ಲಿಕರ್ಟ್ ರೂಪಿಸಿದ, ಒಪ್ಪಿಗೆಯನ್ನು ಮೆಟ್ಟಿಲುಗಳಲ್ಲಿ ಕೇಳುವ ವಿಧಾನವೇ ಇದರ ಮೂಲ.

ಗಣಿತ ಪಾಠ ಇದೆ ಅಂದರೆ ನನಗೆ ಖುಷಿ ಆಗುತ್ತದೆ.
ತಿಳಿಯದಿದ್ದಾಗ ನಾನು ಶಿಕ್ಷಕರನ್ನು ಕೇಳುತ್ತೇನೆ.
ಲೆಕ್ಕ ಬರದಿದ್ದರೆ ಇನ್ನೊಂದು ದಾರಿಯಲ್ಲಿ ಮಾಡಿ ನೋಡುತ್ತೇನೆ.
ಈ ತರಗತಿಯಲ್ಲಿ ನನ್ನ ಮಾತನ್ನು ಕೇಳುತ್ತಾರೆ.
ನಾನು ತಪ್ಪು ಹೇಳಿದರೆ ಉಳಿದವರು ನಗುತ್ತಾರೆ.

ಕೊನೆಯದಕ್ಕೆ "ಯಾವಾಗಲೂ" ಅಂದರೆ ಕೆಟ್ಟದ್ದು, ಎಣಿಸುವಾಗ ಮರೆಯಬೇಡಿ. ಒಂದೇ ವಾಕ್ಯದಲ್ಲಿ ಎರಡು ಸಂಗತಿ ಕೇಳಬೇಡಿ. "ಪಾಠ ಖುಷಿ ಕೊಡುತ್ತದೆ ಮತ್ತು ತಿಳಿಯುತ್ತದೆ" ಅಂದರೆ ಮಗು ಯಾವುದಕ್ಕೆ ಉತ್ತರ ಕೊಡಬೇಕು? ಓದಲು ಕಷ್ಟಪಡುವ ಮಕ್ಕಳಿಗಾಗಿ ಪ್ರತಿ ವಾಕ್ಯವನ್ನು ಜೋರಾಗಿ ಓದಿ ಹೇಳಿ.

ಹೆಸರು ಬರೆಸಬೇಡಿ. ನೀವೇ ಹಂಚಿ ನೀವೇ ವಸೂಲಿ ಮಾಡಿದರೆ ಮಕ್ಕಳು ನಿಮಗೆ ಬೇಜಾರಾಗದಂತೆ ಬರೆಯುತ್ತಾರೆ. ನಮ್ಮ ಹಳ್ಳಿಯ ಮಕ್ಕಳಿಗೆ ಸರ್, ಅಕ್ಕೋರು ಅಂದರೆ ಅಷ್ಟು ಗೌರವ. ಬೇರೆ ಶಿಕ್ಷಕರು ಹಂಚಲಿ, ಮಕ್ಕಳು ಮಡಚಿ ಡಬ್ಬಿಯಲ್ಲಿ ಹಾಕಲಿ. ಸರಾಸರಿ ತೆಗೆಯುವುದು ಬೇಡ. "ನನ್ನ ಮಾತನ್ನು ಕೇಳುತ್ತಾರೆ" ಎಂಬುದಕ್ಕೆ 36ರಲ್ಲಿ 9 ಮಕ್ಕಳು "ಇಲ್ಲ" ಅಂದರೆ ಆ 9 ಎಂಬ ಸಂಖ್ಯೆಯನ್ನೇ ಎದುರಿಗೆ ಇಟ್ಟುಕೊಳ್ಳಿ. ಕೈಬರಹದಿಂದ ಯಾರು ಅಂತ ಹುಡುಕಲು ಮಾತ್ರ ಹೋಗಬೇಡಿ.

ಹಂತ 8: ಒಂದನ್ನೇ ಬದಲಿಸಿ, ಮತ್ತೆ ಅಳೆಯಿರಿ

ನಾಲ್ಕೂ ಕಾಗದಗಳನ್ನು ಒಟ್ಟಿಗೆ ಹರಡಿ. ಸುತ್ತಿನಲ್ಲಿ ಹಿಂದಿನ ಸಾಲು ಕಡಿಮೆ, ಬೀಜವೂ ಕಡಿಮೆ ಅಂದರೆ ದಾರಿ ಸ್ಪಷ್ಟ. ಸುತ್ತಿನಲ್ಲಿ ಶೇ. 90 ಬಂದು ಚೀಟಿಯಲ್ಲಿ ಕಾರಣ ಇಲ್ಲದವರೇ ಜಾಸ್ತಿ ಇದ್ದರೆ ಮಕ್ಕಳು ವಿಧೇಯರು, ಕೆಲಸ ಮಾತ್ರ ತೀರಾ ಸಪ್ಪೆ. ಪ್ರಶ್ನೆ ಬದಲಿಸಬೇಕು.

ಒಂದೇ ಒಂದು ಬದಲಾವಣೆ ಆರಿಸಿ. ಪ್ರಶ್ನೆಯ ನಂತರ ಐದು ಎಣಿಸುವುದು, ಅಥವಾ ವಾರಕ್ಕೊಮ್ಮೆ ಸಾಲು ತಿರುಗಿಸುವುದು, ಅಥವಾ ಉತ್ತರ ಹೇಳುವ ಮುಂಚೆ ಪಕ್ಕದವರ ಜೊತೆ ಒಂದು ನಿಮಿಷ ಮಾತಾಡಲು ಬಿಡುವುದು. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ. ನಾಲ್ಕು ವಾರ ಬಿಟ್ಟು ಅದೇ ತರಗತಿ, ಅದೇ ವಿಷಯ, ಅದೇ ಅವಧಿಯಲ್ಲಿ ಮತ್ತೆ ಅಳೆಯಿರಿ. ಪ್ರತಿ ಸಲವೂ ಮೂರು ದಿನದ ಗುರುತು ಕೂಡಿಸಿ. ಒಂದು ದಿನದ ಏರಿಳಿತವನ್ನು ನಂಬಬಾರದು.

ಈ ಸಂಖ್ಯೆಯನ್ನು ಪಕ್ಕದ ಶಾಲೆಯ ಸಂಖ್ಯೆಯ ಜೊತೆ ಹೋಲಿಸಬೇಡಿ. ಸಮಾಲೋಚನಾ ಸಭೆಯಲ್ಲಿ ಶಿಕ್ಷಕರನ್ನು ಸಾಲಾಗಿ ನಿಲ್ಲಿಸಲು ಯಾರಾದರೂ ಇದನ್ನು ಕೇಳಿದರೆ ಕೊಡಬೇಡಿ. ಹಾಗೆ ಬಳಸಿದ ದಿನದಿಂದ ಎಲ್ಲ ಶಾಲೆಯಲ್ಲೂ ಶೇ. 95 ಬರಲು ಶುರುವಾಗುತ್ತದೆ, ಸುಮ್ಮನೆ ಕುಳಿತ ಮಕ್ಕಳು ಮತ್ತೆ ಮರೆಯಾಗುತ್ತಾರೆ.

ಬಂದ ಲೆಕ್ಕವನ್ನು ಮಕ್ಕಳಿಗೂ ತೋರಿಸಿ. "ಹಿಂದಿನ ಸಾಲಿನಲ್ಲಿ ಕೂತವರಿಗೆ ಪಾಠ ಕಡಿಮೆ ತಲುಪುತ್ತಿದೆ. ಏನು ಮಾಡೋಣ?" ಎಂದು ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ನಾನು ಹೀಗೆ ಕೇಳಿದ ಒಂದು ತರಗತಿಯಲ್ಲಿ ಕಿಟಕಿಯ ಬಿಸಿಲು ಬೋರ್ಡ್ ಮೇಲೆ ಬಿದ್ದು ಮಧ್ಯಾಹ್ನ ಅಕ್ಷರ ಕಾಣುವುದಿಲ್ಲ ಎಂದು ಹಿಂದಿನ ಸಾಲಿನ ಹುಡುಗಿಯೊಬ್ಬಳು ಹೇಳಿದಳು. ಮರುದಿನ ಬಿಸಿಯೂಟದ ಅಕ್ಕಿಯ ಖಾಲಿ ಚೀಲ ಬಿಚ್ಚಿ ಕಿಟಕಿಗೆ ಕಟ್ಟಿದೆವು.